ಅಂಕಿತನಾಮದಿಂದ ರೂಢನಾಮಕ್ಕೆ: ಸಿಲ್ವರ್ ಘೋಸ್ಟ್ ಕಾರಿನ ಜೀರ್ಣೋದ್ಧಾರ

‘ಸಿಲ್ವರ್ ಘೋಸ್ಟ್’ ಎಂಬುದು ಮೊದಲಿಗೆ ಒಂದೇ ಕಾರಿನ ಅಂಕಿತನಾಮ. ರೋಲ್ಸ್-ರಾಯ್ಸ್ ಸಂಸ್ಥೆಯ ಕ್ಲಾಡ್ ಜಾನ್ಸನ್ 1907ರಲ್ಲಿ 40/50 ಅಶ್ವಶಕ್ತಿ ಮಾದರಿಯ ತೆರೆದ ಟೂರಿಂಗ್ ಕಾರೊಂದಕ್ಕೆ ಬೆಳ್ಳಿಬಣ್ಣ ಹಚ್ಚಿಸಿ ಈ ಹೆಸರಿಟ್ಟರು. ಅದೇ ವರ್ಷ 15,000 ಮೈಲಿಗಳ ಪರೀಕ್ಷೆಯ ಬಳಿಕ ಅದನ್ನು ಕಳಚಿ ನೋಡಿದಾಗ, ಸವೆದ ಭಾಗಗಳನ್ನು ಬದಲಿಸಲು ಎರಡು ಪೌಂಡಿಗಿಂತ ತುಸು ಹೆಚ್ಚು ಹಣ ಸಾಕಾಯಿತು. 1925ರಲ್ಲಿ ‘ಫ್ಯಾಂಟಮ್’ ಬಂದ ಮೇಲೆ ಆ ಹೆಸರು ಹಳೆಯ ಮಾದರಿಗೆಲ್ಲ ರೂಢನಾಮವಾಯಿತು.

ಜೀರ್ಣೋದ್ಧಾರದ ತೊಡಕು ಇರುವುದು ಇಲ್ಲಿಯೇ. ಸಂಸ್ಥೆಯು ಮಾರುತ್ತಿದ್ದುದು ಚಾಸಿಯನ್ನು ಮಾತ್ರ; ಮೇಲಿನ ಮೈಯನ್ನು ಗ್ರಾಹಕರು ಬೇರೆಡೆ ಕಟ್ಟಿಸುತ್ತಿದ್ದರು, ಕೆಲವೊಮ್ಮೆ ಬದಲಿಸುತ್ತಲೂ ಇದ್ದರು. ಹೀಗಾಗಿ ಒಂದೊಂದು ಕಾರೂ ಒಂದೊಂದು ಪಾಠ. ಎಲ್ಲವನ್ನೂ ಆ ಬೆಳ್ಳಿಯ ಕಾರಿನಂತೆ ತಿದ್ದುವುದೆಂದರೆ, ಪಾಠಾಂತರಗಳನ್ನು ಅಳಿಸಿ ಒಂದೇ ಓಲೆಪ್ರತಿಯನ್ನು ನಕಲು ಮಾಡಿದಂತೆ. ದುರಸ್ತಿಗೆ ಇಳಿಯುವವರು ಮೊದಲು ಓದಬೇಕಾದದ್ದು ಆ ಕಾರಿನ ಸ್ವಂತ ಚರಿತ್ರೆಯನ್ನು.