ಹೇರು, ಟ್ರಿಪ್ಪು, ಪೆಟ್ಟಿಗೆ

ಕಳೆದ ತಿಂಗಳು ಬೆಳಗಾವಿಯ ಕೇಂದ್ರ ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಭೇಟಿಯಾದ. ಖಾನಾಪುರ ತಾಲೂಕಿನ ಜಾಂಬೋಟಿ ಕಡೆಯವನು. ಈಗ ಸಂಡೂರಿನ ಅದಿರು ಗಣಿಯೊಂದರಲ್ಲಿ ಡಂಪರ್ ಚಾಲಕ. ಕುಶಲ ಪ್ರಶ್ನೆ ಮುಗಿದ ಮೇಲೆ ಅವನಾಡಿದ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ: "ಸರ್, ಮೊದಲ ಮಾಲಕ ಬೈತಿದ್ದ, ಅವಗ ತಿರುಗಿ ಮಾತಾಡಾಕ ಬರ್ತಿತ್ತು. ಈಗ ಗಾಡ್ಯಾಗ ಒಂದ ಪೆಟ್ಟಿಗಿ ಕುಂತೈತಿ. ಅದಕ್ಕ ಏನ ಹೇಳೂದ್ರಿ?"

ಇತಿಹಾಸದ ಮೇಷ್ಟರಿಗೆ ಇಂಥ ಮಾತು ಕೇಳಿದರೆ ಮನಸ್ಸು ಹಿಂದಕ್ಕೆ ಓಡುತ್ತದೆ. ನಮ್ಮ ಬೆಳಗಾವಿಯದೇ 1204ರ ಶಾಸನಗಳಿವೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದವು. ಪೇಟೆಗೆ ಬರುವ ಸರಕಿನ ಮೇಲೆ ವರ್ತಕರು ರಟ್ಟ ಜಿನಾಲಯಕ್ಕೆ ಬಿಟ್ಟುಕೊಟ್ಟ ಆಯದ ವಿವರ ಅವುಗಳಲ್ಲಿದೆ. ಅಲ್ಲಿ ಬೇಕಾಗಿದ್ದುದು ಹೇರಿನ ಲೆಕ್ಕ. ಹೇರು ತಂದವನು ದಾರಿಯಲ್ಲಿ ಯಾವ ಮರದ ನೆರಳಿನಲ್ಲಿ ಎಷ್ಟು ಹೊತ್ತು ಕುಳಿತಿದ್ದನೆಂಬುದು ಯಾರಿಗೂ ಬೇಕಿರಲಿಲ್ಲ.

ನನ್ನ ಶಿಷ್ಯ ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣನಾಗಿ, ಕಣಕುಂಬಿ, ಚೋರ್ಲಾ ಘಾಟಿನ ದಾರಿ ಹಿಡಿದು ಗೋವೆಗೆ ಹೋದವನು. ಸಾಂಖಳಿ ಸುತ್ತಿನ ಗಣಿಗಳಿಂದ ಮಾಂಡೋವಿ ನದಿಯ ಧಕ್ಕೆಗಳಿಗೆ ಟಿಪ್ಪರಿನಲ್ಲಿ ಅದಿರು. ಅಲ್ಲಿಂದ ಬಾರ್ಜುಗಳಲ್ಲಿ ಹಡಗಿಗೆ. ಸಂಬಳ ಟ್ರಿಪ್ಪಿನ ಲೆಕ್ಕದ್ದು. ಟ್ರಿಪ್ಪು ಹೆಚ್ಚಿದಷ್ಟೂ ಹಣ. ಹಾಗಾಗಿ ಊಟ, ನಿದ್ರೆ, ವೇಗದ ಮಿತಿ ಎಲ್ಲವೂ ಗೌಣ. ನಿದ್ದೆಗಣ್ಣಿನಲ್ಲಿ ಓಡಿಸುತ್ತಿದ್ದ ಅವನ ಜೊತೆಗಾರನೊಬ್ಬ ಸೇತುವೆಗೆ ಗುದ್ದಿ ತೀರಿಕೊಂಡನಂತೆ. ಇದನ್ನು ಹೇಳುವಾಗ ಅವನು ಬೇರೆಡೆ ನೋಡುತ್ತಿದ್ದ.

ಇತ್ತ ನಮ್ಮ ಬಳ್ಳಾರಿಯಲ್ಲಿ ಕಾಗದವೇ ಸುಳ್ಳು ಹೇಳುತ್ತಿತ್ತು. ಪರವಾನಗಿಯಲ್ಲಿ ಬರೆದದ್ದೊಂದು, ಲಾರಿಯಲ್ಲಿ ತುಂಬಿದ್ದು ಮತ್ತೊಂದು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ್ದ ಲಕ್ಷಾಂತರ ಟನ್ ಅದಿರಿನ ಬಹುಪಾಲು ಮಾಯವಾಯಿತು. ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ 2011ರ ಜುಲೈ 27ರಂದು ಸಲ್ಲಿಕೆಯಾಯಿತು. ಎರಡೇ ದಿನಗಳಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮರುವರ್ಷ ಗೋವೆಯ ಸರದಿ. ನನ್ನ ಶಿಷ್ಯ ಬರಿಗೈಯಲ್ಲಿ ಊರಿಗೆ ಬಂದ. 2014ರಲ್ಲಿ ವರ್ಷಕ್ಕೆ 2 ಕೋಟಿ ಟನ್ನಿನ ಮಿತಿಯೊಡನೆ ಗೋವೆಗೆ ಮತ್ತೆ ಅನುಮತಿ ದೊರೆಯಿತು. 2018ರ ಮಾರ್ಚಿನಲ್ಲಿ ಪುನಃ ನಿಂತಿತು. ಆಗ ಅವನು ಸಂಡೂರಿಗೆ ಹೋದ.

ಗಣಕಕ್ಕೆ ಜೋಡಿಸಿದ ತೂಕದ ಸೇತುವೆ, ಆನ್‌ಲೈನ್ ಪರವಾನಗಿ, ಲಾರಿಯಲ್ಲಿ ಜಿ.ಪಿ.ಎಸ್., ಇವೆಲ್ಲ ಬಂದದ್ದು ಆ ಸುಳ್ಳು ಕಾಗದಕ್ಕೆ ಮದ್ದಾಗಿ. ಬರಲೇಬೇಕಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಗಣಿಯ ಒಳಗಿನ ಕಥೆ ಮಾತ್ರ ಬೇರೆ. ಯಾವ ಡಂಪರ್ ಯಾವ ಶವೆಲ್ಲಿನ ಬಳಿಗೆ ಹೋಗಬೇಕೆಂದು ಗಣಕವೇ ಹೇಳುವ ವ್ಯವಸ್ಥೆ 1980ರ ವೇಳೆಗೆ ಅಮೆರಿಕದ ತಾಮ್ರದ ಗಣಿಗಳಲ್ಲಿ ಆರಂಭವಾದದ್ದು. ಗುರಿ ಯಂತ್ರಗಳು ಸುಮ್ಮನೆ ನಿಲ್ಲಬಾರದೆಂಬುದು. ಯಂತ್ರವನ್ನು ನೋಡುತ್ತಿದ್ದ ಕಣ್ಣು ಕ್ರಮೇಣ ಮನುಷ್ಯನತ್ತ ತಿರುಗಿತು. ಈಗ ಚಾಲಕನ ರೆಪ್ಪೆ ಮುಚ್ಚುವುದನ್ನು ಗಮನಿಸುವ ಕ್ಯಾಮೆರಾಗಳೂ ಇವೆ. ಆ ಜೊತೆಗಾರನ ಗಾಡಿಯಲ್ಲಿ ಅಂಥದೊಂದು ಇದ್ದಿದ್ದರೆ ಬದುಕುತ್ತಿದ್ದನೇನೋ.

ಒಮ್ಮೆ ಮುಂದಿನ ಡಂಪರ್ ಕೆಟ್ಟು ನಿಂತಾಗ ನನ್ನ ಶಿಷ್ಯ ಇಳಿದು ನೆರವಾದನಂತೆ. ತಿಂಗಳ ಕೊನೆಯ ಪಟ್ಟಿಯಲ್ಲಿ ಆ 20 ನಿಮಿಷ 'ಕಾರಣವಿಲ್ಲದ ನಿಲುಗಡೆ' ಎಂದು ದಾಖಲಾಗಿತ್ತು, ಪ್ರೋತ್ಸಾಹಧನ ಹೋಯಿತು. ಪಟ್ಟಿಯನ್ನು ತೋರಿಸಿರೆಂದು ಕೇಳಿದ್ದಕ್ಕೆ, ಅದು ಚಾಲಕರಿಗಲ್ಲ ಎಂಬ ಉತ್ತರ ಬಂತು. ನನಗೆ ತಪ್ಪಾಗಿ ಕಂಡದ್ದು ಇದೇ. ಮೂವತ್ತು ವರ್ಷ ಹಾಜರಿ ಪುಸ್ತಕ ಹಿಡಿದವನು ನಾನು. ತಡವಾಗಿ ಬಂದ ಹುಡುಗನನ್ನು ಕಾರಣ ಕೇಳದೆ ಗೈರು ಹಾಕಿದ ದಿನಗಳೂ ಇವೆ. ಅವನೂ ಅಂಥ ಒಂದು ಗೈರಿಗೆ ಗುರಿಯಾದವನೇ. ಮಲಪ್ರಭೆ ತುಂಬಿ ಬಸ್ಸು ಬಾರದ ದಿನ ಅದು.

ಅವನಿಗೆ ಅದನ್ನು ನೆನಪಿಸಿದೆ. "ನೀವು ಮರುದಿನ ತಿದ್ದಿದ್ರಿ ಸರ್" ಎಂದು ನಕ್ಕ. ಅಷ್ಟರಲ್ಲಿ ಹೊಸಪೇಟೆ ಬಸ್ಸು ಬಂತು.