ಕೂಬಾ ರಾಜ್ಯದ ರಾಫಿಯಾ ವಸ್ತ್ರಗಳು: ರಾಜಪರಂಪರೆ ಮತ್ತು ಕುಲಪರಂಪರೆ

ಲಿಖಿತ ದಾಖಲೆಗಳು ವಿರಳವಾಗಿರುವ ಸಮಾಜಗಳ ಚರಿತ್ರೆಯನ್ನು ರಚಿಸುವಲ್ಲಿ ಮೌಖಿಕ ಪರಂಪರೆ ಮತ್ತು ಭೌತಿಕ ಅವಶೇಷಗಳು ಮುಖ್ಯ ಆಕರಗಳಾಗುತ್ತವೆ. ಇವೆರಡೂ ಒಂದೇ ಮಾತನ್ನು ಹೇಳದಿದ್ದಾಗ ಚರಿತ್ರಕಾರನ ಹೊಣೆ ಹೆಚ್ಚುತ್ತದೆ. ಮಧ್ಯ ಆಫ್ರಿಕದ ಕೂಬಾ ಜನರ ರಾಫಿಯಾ ವಸ್ತ್ರಗಳು ಇದಕ್ಕೆ ಉತ್ತಮ ನಿದರ್ಶನ. ಈ ಕಲೆಯ ಕರ್ತೃತ್ವ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಯನ್ನು, ವಿಶೇಷವಾಗಿ ವಿಧ್ಯುಕ್ತ ನಡುವಸ್ತ್ರಗಳ ಹಿನ್ನೆಲೆಯಲ್ಲಿ, ಇಲ್ಲಿ ಪರಿಶೀಲಿಸಲಾಗಿದೆ.

ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಕಸಾಯ್ ಮತ್ತು ಸಂಕುರು ನದಿಗಳ ನಡುವಣ ಪ್ರದೇಶ ಕೂಬಾ ರಾಜ್ಯದ ನೆಲೆ. ಬುಶೂಂಗ್ ಪಂಗಡದ ಅರಸರು ಮುಶೆಂಗೆಯನ್ನು ರಾಜಧಾನಿಯಾಗಿಸಿಕೊಂಡು ಅನೇಕ ಪಂಗಡಗಳನ್ನು ಒಂದು ಆಡಳಿತಕ್ಕೆ ಒಳಪಡಿಸಿದರು. 17ನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದನೆನ್ನಲಾದ ಶ್ಯಾಮ್ ಅಂಬುಲ್ ಅಂಗೂಂಗನು ಪಶ್ಚಿಮದ ನಾಡುಗಳಲ್ಲಿ ಸಂಚರಿಸಿ, ಹೊಸ ಬೆಳೆಗಳೊಡನೆ ರಾಫಿಯಾ ಕಸೂತಿಯನ್ನೂ ತಂದನೆಂಬುದು ಆಸ್ಥಾನದ ಪರಂಪರೆ. 1907ರಿಂದ 1909ರವರೆಗೆ ಕಾಂಗೋ ಸೀಮೆಯಲ್ಲಿ ಸಂಚರಿಸಿದ ಎಮಿಲ್ ಟೋರ್ಡೇ ಕೂಬಾ ಅರಸರ ವಂಶಾವಳಿಯನ್ನೂ ಇಂತಹ ಐತಿಹ್ಯಗಳನ್ನೂ ಬರೆದಿಟ್ಟನು.

ಆದರೆ ವಸ್ತ್ರದ ನಿರ್ಮಾಣಕ್ರಮವನ್ನು ಗಮನಿಸಿದರೆ ಚಿತ್ರ ಬೇರೆಯಾಗುತ್ತದೆ. ರಾಫಿಯಾ ತಾಳೆಯ ಎಳೆಯ ಗರಿಗಳಿಂದ ನಾರು ತೆಗೆದು, ನೂಲದೆಯೇ ಮಗ್ಗಕ್ಕೆ ಏರಿಸುತ್ತಾರೆ. ಆದ್ದರಿಂದ ನೇಯ್ದ ತುಂಡಿನ ಅಳತೆ ಗರಿಯ ಉದ್ದವನ್ನು ಮೀರುವುದಿಲ್ಲ. ನೇಯ್ಗೆ ಗಂಡಸರದು. ಒರಟಾದ ಬಟ್ಟೆಯನ್ನು ಒರಳಿನಲ್ಲಿ ಕುಟ್ಟಿ ಮೆದುಗೊಳಿಸುವಾಗ ಬೀಳುವ ತೂತುಗಳಿಗೆ ತೇಪೆ ಹಾಕುವುದು ಅನಿವಾರ್ಯವಾಗಿತ್ತು. ಈ ತೇಪೆಗಳೇ ಕ್ರಮೇಣ ಅಲಂಕರಣದ ಮಾದರಿಗಳಾದವೆಂದು ವಿದ್ವಾಂಸರು ಊಹಿಸಿದ್ದಾರೆ. ಕಸೂತಿ ಹೆಂಗಸರ ಕೆಲಸ. ಶೋವಾ ಪಂಗಡದ ಹೆಂಗಸರು ಸೂಜಿಯಿಂದ ನಾರನ್ನು ಬಟ್ಟೆಯ ಎಳೆಗಳಡಿ ತೂರಿಸಿ, ಗಂಟು ಹಾಕದೆ ತುದಿಗಳನ್ನು ಕತ್ತರಿಸಿ, ಮಖಮಲ್ಲಿನಂತಹ ಮೇಲ್ಮೈಯನ್ನು ಸಾಧಿಸುತ್ತಾರೆ. ಒಂದು ಚೌಕ ಮುಗಿಯಲು ತಿಂಗಳುಗಳೇ ಹಿಡಿಯಬಹುದು. ಕೆಂಪು ಬಣ್ಣಕ್ಕೆ ತುಕುಲಾ ಎಂಬ ಮರದ ಪುಡಿ ಬಳಕೆಯಾಗುತ್ತದೆ. ಗಣಿತಜ್ಞ ಡೊನಾಲ್ಡ್ ಕ್ರೋ 1971ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪಟ್ಟಿವಿನ್ಯಾಸದಲ್ಲಿ ಸಾಧ್ಯವಿರುವ 7 ಸಮಮಿತಿ ಪ್ರಕಾರಗಳೂ, ಸಮತಲ ವಿನ್ಯಾಸದ 17ರಲ್ಲಿ 12 ಪ್ರಕಾರಗಳೂ ಕೂಬಾ ಕಲೆಯಲ್ಲಿ ದೊರೆಯುತ್ತವೆ.

ಇಂತಹ ತುಂಡುಗಳನ್ನು ಜೋಡಿಸಿದಾಗ ಹಲವು ಮೀಟರ್ ಉದ್ದದ ನಡುವಸ್ತ್ರ ಸಿದ್ಧವಾಗುತ್ತದೆ. ಹೆಂಗಸರು ಅದನ್ನು ಮೈಗೆ ಹಲವು ಸುತ್ತು ಸುತ್ತಿಕೊಳ್ಳುತ್ತಾರೆ. ಗಂಡಸರು ನೆರಿಗೆ ಹಿಡಿದು ನಡುಪಟ್ಟಿಯಿಂದ ಬಿಗಿಯುತ್ತಾರೆ. ಗಂಡಸರ ಉಡುಗೆಯನ್ನು ಗಂಡಸರೂ ಹೆಂಗಸರ ಉಡುಗೆಯನ್ನು ಹೆಂಗಸರೂ ಜೋಡಿಸಿ ಅಲಂಕರಿಸುವುದು ವಾಡಿಕೆ. ಒಂದೇ ಉಡುಗೆಯ ಭಾಗಗಳನ್ನು ಬೇರೆಬೇರೆ ಕೈಗಳು ಸಿದ್ಧಪಡಿಸುವುದರಿಂದ, ಅದು ಯಾವ ಒಬ್ಬರ ಸ್ವತ್ತೂ ಆಗದೆ ಮಾತೃವಂಶೀಯ ಕುಲದ ಸಾಮೂಹಿಕ ಸಂಪತ್ತಾಗುತ್ತದೆ. ಸಾವು ಸಂಭವಿಸಿದಾಗ ಯಾವ ವಸ್ತ್ರವನ್ನು ಶವಕ್ಕೆ ಉಡಿಸಬೇಕೆಂಬುದನ್ನು ಕುಲದವರು ಕೂಡಿ ತೀರ್ಮಾನಿಸುತ್ತಾರೆ. ತಕ್ಕ ಉಡುಗೆಯಿಲ್ಲದೆ ಹೋದವರನ್ನು ಪರಲೋಕದಲ್ಲಿ ಬಂಧುಗಳು ಗುರುತಿಸಲಾರರೆಂಬ ನಂಬಿಕೆ ಇದಕ್ಕೆ ಆಧಾರ. ಮದುವೆಯ ತೆರ, ದಂಡ ಮೊದಲಾದವುಗಳ ಸಂದಾಯಕ್ಕೂ ಹಿಂದೆ ರಾಫಿಯಾ ಬಟ್ಟೆ ಸಲ್ಲುತ್ತಿತ್ತು.

ಅತ್ಯುತ್ತಮ ವಸ್ತ್ರಗಳು ಮಣ್ಣಿಗೆ ಸೇರಿ ಕರಗುವುದರಿಂದ ಉಳಿದಿರುವ ಕೂಬಾ ವಸ್ತ್ರಗಳಲ್ಲಿ ಹೆಚ್ಚಿನವು 19ನೆಯ ಶತಮಾನದ ಅಂತ್ಯ ಹಾಗೂ 20ನೆಯ ಶತಮಾನದವು. ಹೀಗಾಗಿ ಶ್ಯಾಮನ ಕಾಲದ ಐತಿಹ್ಯವನ್ನು ಕೂಬಾ ವಸ್ತ್ರಗಳಿಂದಲೇ ಪರೀಕ್ಷಿಸಲು ಬರುವುದಿಲ್ಲ. ಪಶ್ಚಿಮದ ಕೊಂಗೊ ರಾಜ್ಯದ ಇಂತಹುದೇ ವಸ್ತ್ರಗಳು ಮಾತ್ರ 17ನೆಯ ಶತಮಾನದಲ್ಲೇ ಯೂರೋಪಿನ ಸಂಗ್ರಹಗಳನ್ನು ಸೇರಿದ್ದವು. ಪಶ್ಚಿಮದ ಸಂಪರ್ಕವನ್ನು ಹೇಳುವ ಐತಿಹ್ಯಕ್ಕೆ ಇದರಿಂದ ಒಂದಿಷ್ಟು ಪುಷ್ಟಿ ದೊರೆಯುತ್ತದೆ. ಒಬ್ಬ ಅರಸನೇ ಕಲೆಯನ್ನು ತಂದನೆಂಬುದಕ್ಕೆ ದೊರೆಯುವುದಿಲ್ಲ. ಹೊಸ ಬೆಳೆಗಳಿಂದ ಹೆಚ್ಚಿದ ಆಹಾರ ಮತ್ತು ಪದವೀಧರ ಅಧಿಕಾರಿಗಳಿಂದ ತುಂಬಿದ ಆಸ್ಥಾನ ವಸ್ತ್ರಕ್ಕೆ ಬೇಡಿಕೆಯನ್ನು ಸೃಷ್ಟಿಸಿರಬೇಕು ಎಂಬುದು ಹೆಚ್ಚು ಒಪ್ಪತಕ್ಕ ವಿವರಣೆ.

1892ರಲ್ಲಿ ರಾಜಧಾನಿಯನ್ನು ಮುಟ್ಟಿದ ಆಫ್ರಿಕನ್ ಅಮೆರಿಕನ್ ಧರ್ಮಪ್ರಚಾರಕ ವಿಲಿಯಂ ಶೆಪರ್ಡ್ ಸಂಗ್ರಹಿಸಿದ ವಸ್ತುಗಳು ವರ್ಜೀನಿಯಾದ ಹ್ಯಾಂಪ್ಟನ್ ಸಂಸ್ಥೆಯನ್ನೂ, ಟೋರ್ಡೇ ತಂದವು ಬ್ರಿಟಿಷ್ ಮ್ಯೂಸಿಯಮ್ಮನ್ನೂ ಸೇರಿದವು. ಇದೇ ಅವಧಿಯಲ್ಲಿ ರಬ್ಬರ್ ವಸೂಲಿಯ ಕ್ರೌರ್ಯ ಕೂಬಾ ಜನರನ್ನು 1904ರಲ್ಲಿ ದಂಗೆಗೆ ನೂಕಿತು. ಅದನ್ನು ಕುರಿತು ಬರೆದ ಶೆಪರ್ಡ್ ಮಾನಹಾನಿ ಮೊಕದ್ದಮೆಯನ್ನು ಎದುರಿಸಿ 1909ರಲ್ಲಿ ನಿರ್ದೋಷಿಯೆನಿಸಿದನು. ಮುಂದೆ ಚಿತ್ರಕಾರ ಮಾತೀಸ್ ತನ್ನ ಚಿತ್ರಶಾಲೆಯ ಗೋಡೆಗೆ ಕೂಬಾ ವಸ್ತ್ರಗಳನ್ನು ತೂಗುಹಾಕಿದನು. ಕುಲದ ಸಂಪತ್ತಾಗಿದ್ದುದು ಕಲಾವಸ್ತುವಾಯಿತು.

ಒಟ್ಟಿನಲ್ಲಿ, ಆಸ್ಥಾನದ ಪರಂಪರೆ ಅರಸನ ಹೆಸರನ್ನೂ ವಸ್ತುಸಂಗ್ರಹಾಲಯಗಳ ದಾಖಲೆಗಳು ಸಂಗ್ರಾಹಕರ ಹೆಸರನ್ನೂ ಉಳಿಸಿವೆ. ಸೂಜಿ ಹಿಡಿದ ಹೆಂಗಸರ ಹೆಸರು ಬಹುಮಟ್ಟಿಗೆ ಎರಡರಲ್ಲಿಯೂ ಇಲ್ಲ. ಆದರೂ ತುಂಡಿನಿಂದ ತುಂಡಿಗೆ ಬದಲಾಗುವ ವಿನ್ಯಾಸಗಳಲ್ಲಿ ಅವರ ನಿರ್ಣಯಗಳು ದಾಖಲಾಗಿವೆ. ಕೂಬಾ ಚರಿತ್ರೆಯನ್ನು ಬರೆಯುವವರು ವಂಶಾವಳಿಯಷ್ಟೇ ಶ್ರದ್ಧೆಯಿಂದ ಈ ಹೊಲಿಗೆಯನ್ನೂ ಓದಬೇಕಾದುದು ಅಗತ್ಯ.