ಹಲ್ಲುಸಂದಿಯ ಶುಚಿ

ಹಲ್ಲುಗಳ ನಡುವಿನ ಸಂದಿಯಲ್ಲಿ ಕೂಡುವ ಪಾಚಿಯನ್ನೂ ಆಹಾರದ ಚೂರನ್ನೂ ದಾರದಿಂದಲೋ ಸಣ್ಣ ಸಂದಿಬ್ರಷ್‌ನಿಂದಲೋ ತೆಗೆಯುವ ನಿತ್ಯಕ್ರಮ. ದವಡೆ ಹಲ್ಲಿಗೆ ಐದು ಮುಖಗಳು: ಕೆನ್ನೆಯ ಕಡೆಯದು, ನಾಲಿಗೆಯ ಕಡೆಯದು, ಅಗಿಯುವ ಮೇಲ್ಮೈ, ಅಕ್ಕಪಕ್ಕದ ಎರಡು. ಎಷ್ಟು ಹೊತ್ತು ಉಜ್ಜಿದರೂ ಸಾಮಾನ್ಯ ಬ್ರಷ್ ಕೊನೆಯ ಎರಡನ್ನು ಸರಿಯಾಗಿ ಮುಟ್ಟಲಾರದು.

ಪಾಚಿ ಎಂದರೆ ಬ್ಯಾಕ್ಟೀರಿಯಾಗಳ ಜಿಗುಟು ಪದರ. ಅವು ಸಕ್ಕರೆಯಿಂದ ಆಮ್ಲ ಉಂಟುಮಾಡುತ್ತವೆ, ಆಮ್ಲ ಎನಾಮಲ್ಲನ್ನು ಕರಗಿಸುತ್ತದೆ. ಸಂದಿಯ ಹುಳುಕು ಕನ್ನಡಿಯಲ್ಲಿ ಕಾಣುವುದಿಲ್ಲ. ಎಷ್ಟೋ ಸಲ ಅದು ಮೊದಲು ಗೊತ್ತಾಗುವುದು ಎಕ್ಸ್‌-ರೇಯಲ್ಲಿ. ವಸಡಿನ ಪಾಡೂ ಇಷ್ಟೇ. ದವಡೆ ಹಲ್ಲುಗಳ ನಡುವೆ ವಸಡು ತಗ್ಗಾಗಿರುವ ಕಡೆ ಅದರ ಹೊದಿಕೆ ತೆಳು, ಉರಿಯೂತಕ್ಕೆ ಬೇಗ ಸಿಕ್ಕುತ್ತದೆ. 1965ರಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ನಡೆಸಿದ ಪ್ರಯೋಗದಲ್ಲಿ, ಹಲ್ಲು ಶುಚಿ ಮಾಡುವುದನ್ನು ಬಿಟ್ಟವರ ವಸಡು ಮೂರು ವಾರದೊಳಗೆ ಕೆಂಪಾಗಿ ಬಾತಿತು. ಶುಚಿ ಮತ್ತೆ ಶುರುವಾದ ಮೇಲೆ ಮೊದಲಿನಂತಾಯಿತು. ಉರಿಯೂತ ಮೂಳೆಗೆ ಇಳಿದ ಮೇಲೆ ಮಾತ್ರ ಈ ಮರಳುವಿಕೆ ಇಲ್ಲ: ಕರಗಿದ ಮೂಳೆ ತಾನಾಗಿ ಬೆಳೆಯುವುದಿಲ್ಲ.

ಅಮೆರಿಕದ ದಂತವೈದ್ಯ ಲೆವಿ ಸ್ಪಿಯರ್ ಪಾರ್ಮ್ಲಿ 1819ರಷ್ಟು ಹಿಂದೆಯೇ ಮೇಣ ಹಚ್ಚಿದ ರೇಷ್ಮೆ ದಾರವನ್ನು ಸೂಚಿಸಿದ್ದರು. ನೈಲಾನ್ ದಾರ ಬಂದದ್ದು 20ನೇ ಶತಮಾನದ ನಡುವಿನಲ್ಲಿ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗುವ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆಯ ಪ್ರಕಾರ, ಬರೀ ಬ್ರಷ್‌ಗಿಂತ ಬ್ರಷ್ ಜೊತೆಗೆ ದಾರ ಅಥವಾ ಸಂದಿಬ್ರಷ್ ಬಳಸಿದರೆ ವಸಡಿನ ಉರಿಯೂತ ತಗ್ಗಬಹುದು. ಅಧ್ಯಯನಗಳು ಬಹುತೇಕ ಅಲ್ಪಾವಧಿಯವು, ಪುರಾವೆಯ ಬಲ ಕಡಿಮೆ. ಆದರೆ ಪುರಾವೆ ದುರ್ಬಲವೆಂದ ಮಾತ್ರಕ್ಕೆ ಸಂದಿಯನ್ನು ಹಾಗೇ ಬಿಡುವುದು ಸರಿಯಲ್ಲ; ಬ್ರಷ್ ಅಲ್ಲಿಗೆ ಹೋಗುವುದಿಲ್ಲವೆಂಬುದು ಬದಲಾಗಿಲ್ಲ.

ಸುಮಾರು 45 ಸೆಂ.ಮೀ. ದಾರವನ್ನು ಎರಡೂ ಕೈಯ ನಡುಬೆರಳಿಗೆ ಸುತ್ತಿ, ಸಂದಿಯಲ್ಲಿ ಮೆಲ್ಲಗೆ ಇಳಿಸಿ, ಹಲ್ಲಿಗೆ ಅಪ್ಪಿಸಿ ಮೇಲೆ ಕೆಳಗೆ ಆಡಿಸಬೇಕು. ಗಕ್ಕನೆ ಒತ್ತಿದರೆ ವಸಡು ಕೊಯ್ಯುತ್ತದೆ. ಸಂದಿ ಅಗಲವಿದ್ದವರಿಗೆ, ಬ್ರಿಡ್ಜ್ ಹಾಕಿಸಿಕೊಂಡವರಿಗೆ ಸಂದಿಬ್ರಷ್ ಮೇಲು. ಊಟವಾದ ಮೇಲೆ ಕೈಗೆ ಸಿಕ್ಕ ಪೊರಕೆಕಡ್ಡಿ, ಪಿನ್ನು ಹಾಕಿ ಕೆದಕುವುದು ಬೇರೆಯೇ ಕೆಲಸ: ಸಿಕ್ಕಿಕೊಂಡ ಮಾಂಸದ ನಾರು ಬರಬಹುದು, ಪಾಚಿ ಬರುವುದಿಲ್ಲ, ವಸಡಿಗೆ ಗಾಯ.

ಮೊದಲ ಕೆಲವು ದಿನ ರಕ್ತ ಜಿನುಗುವುದು ಸಾಮಾನ್ಯ. ಬಹಳ ಮಂದಿ ಹೆದರಿ ಬಿಟ್ಟುಬಿಡುವುದು ಇಲ್ಲೇ. ಆ ರಕ್ತ ಹೆಚ್ಚಾಗಿ ಮೊದಲೇ ಇದ್ದ ಉರಿಯೂತದ್ದು, ದಿನವೂ ಶುಚಿ ಮಾಡಿದಂತೆ ಕಡಿಮೆಯಾಗುತ್ತದೆ. ಎರಡು ವಾರ ಕಳೆದರೂ ನಿಲ್ಲದಿದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ, ದಂತವೈದ್ಯರಿಗೆ ತೋರಿಸಬೇಕು.